ಗೌರಮ್ಮನ ಕೈಗುಣ ಮತ್ತು ನನ್ನ ಕರಿ ಪೇಸ್ಟು

ನಮಗೆ ಬಾರದ ಕೆಲಸವನ್ನು ಬಾರದು ಎಂದು ಒಪ್ಪಿಕೊಳ್ಳುವುದು ಕಷ್ಟ. ಅದಕ್ಕೊಂದು ಸಿದ್ಧಾಂತ ಕಟ್ಟಿಬಿಡುವುದು ಸುಲಭ. ಸಾರು ಕೆಟ್ಟರೆ ತಪ್ಪನ್ನು ಪುಡಿಯ ಮೇಲೆ ಹಾಕುತ್ತೇವೆ, ಹಾಡು ಕೆಟ್ಟರೆ ಶೀತದ ಮೇಲೆ ಹಾಕುತ್ತೇವೆ. ನಾನು ರಸಾಯನಶಾಸ್ತ್ರದ ಮೇಷ್ಟ್ರಾದ್ದರಿಂದ ನನ್ನ ಸಿದ್ಧಾಂತ ತುಸು ದೊಡ್ಡದಾಗಿತ್ತು. ಅದು ಕುಸಿದಾಗ ಆದ ಸದ್ದೂ ದೊಡ್ಡದೇ. ಆ ಕತೆಯನ್ನು ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಸಾಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬಿಡುವಿನಲ್ಲಿ ಪಿಎಚ್.ಡಿ. ಮಾಡುತ್ತಿರುವವನು ನಾನು. ಈ ಬಿಡುವು ಎಷ್ಟು ಉದ್ದವಾಯಿತೆಂದರೆ, ನನ್ನ ಹತ್ತಿರ ಕಲಿತ ಇಬ್ಬರು ಹುಡುಗಿಯರು ಡಾಕ್ಟರೇಟ್ ಮುಗಿಸಿದ್ದಾರೆ. ದಾರಿಯಲ್ಲಿ ಸಿಕ್ಕರೆ ಪಾಪ, ಸಂಶೋಧನೆಯ ಸುದ್ದಿ ಎತ್ತದೆ ಮಳೆಯ ಸುದ್ದಿ ಮಾತಾಡಿ ಹೋಗುತ್ತಾರೆ. ಮನೆ ಕಟ್ಟಿಸಿದಾಗ ಬಾಗಿಲಿನ ನಾಮಫಲಕದಲ್ಲಿ ಹೆಸರಿನ ಎಡಗಡೆ 'ಡಾ.' ಸೇರಿಸಲು ಜಾಗ ಬಿಡಿಸಿದ್ದೆ. ಹೆಸರು ಈಗಲೂ ಬಲಕ್ಕೆ ಸರಿದು ನಿಂತಿದೆ. ಬಂದವರೆಲ್ಲ ಬರೆದವನಿಗೆ ಕಣ್ಣು ಸರಿಯಿಲ್ಲ ಎಂದುಕೊಳ್ಳುತ್ತಾರೆ, ನಾನೂ ಹೌದೌದು ಎನ್ನುತ್ತೇನೆ.

ನನ್ನ ವಿಷಯ ಬಯೋಸೆನ್ಸರ್. ನಮ್ಮ ಮೆದುಳಿನಲ್ಲಿ ಡೋಪಮಿನ್ ಎಂಬ ವಸ್ತುವಿದೆ, ಉಲ್ಲಾಸಕ್ಕೂ ಅದಕ್ಕೂ ನಂಟು. ಒಂದು ದ್ರಾವಣದಲ್ಲಿ ಅದು ಎಷ್ಟಿದೆ ಎಂದು ವಿದ್ಯುತ್ತಿನ ಸಹಾಯದಿಂದ ಅಳೆಯುವ ಪುಟ್ಟ ಕಡ್ಡಿ ಮಾಡುವುದು ನನ್ನ ಕೆಲಸ. ಇದನ್ನು ಹೆಂಡತಿ ಸವಿತಾಳಿಗೆ ವಿವರಿಸಿದಾಗ ಅವಳು, "ಮೊದ್ಲು ಭಾನುವಾರ ಬೆಳಿಗ್ಗೆ ನಿಮ್ಮ ತಲೇಲಿ ಅದು ಉಂಟಾ ಇಲ್ವಾ ನೋಡ್ಕಳಿ, ಆಮೇಲೆ ಲೋಕದ್ದು ಅಳೀರಿ" ಎಂದಳು. ಕಡ್ಡಿಗೆ ಚುರುಕು ಬರಲು ನ್ಯಾನೋ ಪುಡಿ ಬೆರೆಸಬೇಕು. ಅದನ್ನು ಎಲೆಯ ರಸದಿಂದ ತಯಾರಿಸುವುದು ಈಗಿನ ರೂಢಿ. ನಾನು ಒಂದೊಂದೇ ಗಿಡ ಪ್ರಯೋಗಿಸುತ್ತಾ ಹೋದಂತೆ ಪಕ್ಕದ ಮನೆಯ ಶಾರದಕ್ಕ ತಮ್ಮ ದೊಡ್ಡಪತ್ರೆಯ ಕುಂಡವನ್ನು ಗೇಟಿನಿಂದ ಎತ್ತಿ ಹಿತ್ತಲಿಗೆ ಒಯ್ದರು. ಇನ್ನು ವಿದ್ಯುತ್ತು. ಲಿಂಗನಮಕ್ಕಿ ಅಣೆಕಟ್ಟನ್ನು ಪಕ್ಕದಲ್ಲೇ ಇಟ್ಟುಕೊಂಡು ಕರೆಂಟಿಗಾಗಿ ಕಾದು ಕೂರುವ ಭಾಗ್ಯ ನಮಗಲ್ಲದೆ ಇನ್ಯಾರಿಗಿದೆ!

ಆ ಕಡ್ಡಿಯ ತಯಾರಿ ನೋಡಿದರೆ ಯಾರೂ ಇದನ್ನು ವಿಜ್ಞಾನ ಎನ್ನಲಾರರು. ಪೆನ್ಸಿಲ್ ಕಡ್ಡಿಯಲ್ಲಿರುವಂಥ ಗ್ರಾಫೈಟ್ ಪುಡಿ, ಚೂರು ನ್ಯಾನೋ ಪುಡಿ, ಕೆಲವು ಹನಿ ಸಿಲಿಕೋನ್ ಎಣ್ಣೆ. ಅಂಗೈಯಗಲದ ಕಲ್ಲಿನ ಒರಳಿನಲ್ಲಿ ಹಾಕಿ ಮೂವತ್ತು ನಿಮಿಷ ಕೈಯಿಂದ ಅರೆಯಬೇಕು. ಆ ಕರಿ ಪೇಸ್ಟನ್ನು ಸಣ್ಣ ಕೊಳವೆಯ ತುದಿಗೆ ತುಂಬಿ ನುಣುಪು ಕಾಗದದ ಮೇಲೆ ಉಜ್ಜಿದರೆ ಎಲೆಕ್ಟ್ರೋಡ್ ಎಂಬ ಆ ಕಡ್ಡಿ ಸಿದ್ಧ. ದ್ರಾವಣದಲ್ಲಿ ಅದ್ದಿ ಯಂತ್ರಕ್ಕೆ ಜೋಡಿಸಿದರೆ ಕಂಪ್ಯೂಟರಿನಲ್ಲಿ ಒಂದು ಗೆರೆ ಹರಿದು, ಡೋಪಮಿನ್ ಇದ್ದರೆ ಗುಡ್ಡದ ಹಾಗೆ ಏಳುತ್ತದೆ. ಒಂದೇ ಪೇಸ್ಟಿನ ಐದು ಎಲೆಕ್ಟ್ರೋಡ್ ಮಾಡಿದರೆ ಐದು ಗುಡ್ಡಗಳೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ನನ್ನವು ಮಾತ್ರ ಐದೂ ಐದು ಊರಿನ ಗುಡ್ಡಗಳು.

ಒಮ್ಮೆ ತೀರ್ಥಹಳ್ಳಿಯ ಕಾಲೇಜೊಂದು ಕಾರ್ಯಾಗಾರಕ್ಕೆ ಕರೆದಿತ್ತು. ಮಕ್ಕಳೆದುರು ಒರಳು ಇಟ್ಟುಕೊಂಡು ಕೂತೆ. ಅರೆಯುತ್ತಲೇ ನ್ಯಾನೋ ಲೋಕದ ವೈಭವವನ್ನು ವರ್ಣಿಸಿದೆ, ನಡುವೆ ಬಂದ ಎರಡು ಫೋನಿಗೂ ಉತ್ತರ ಕೊಟ್ಟೆ, ಬೋರ್ಡಿನ ಮೇಲೆ ಚಿತ್ರ ಬರೆದೆ. ಕೊನೆಗೆ ಯಂತ್ರಕ್ಕೆ ಜೋಡಿಸಿದರೆ ಗೆರೆ ಚಾಪೆಯ ಹಾಗೆ ಮಲಗಿಕೊಂಡಿತು, ಏಳಲೇ ಇಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, "ಸರ್, ಈ ದ್ರಾವಣಕ್ಕೆ ಎಂತಕ್ಕೋ ಬೇಜಾರಾಗಿರ್ಬೇಕಲ್ವಾ?" ಎಂದಳು. ಊಟ ಚೆನ್ನಾಗಿತ್ತು.

ನನ್ನ ಮಾನ ಉಳಿಸಿದವರು ನಮ್ಮ ಪ್ರಯೋಗಾಲಯದ ಅಟೆಂಡರ್ ಗೌರಮ್ಮ. ಗಾಜಿನ ಪಾತ್ರೆ ತೊಳೆಯುವುದು, ರಾಸಾಯನಿಕ ತೆಗೆದುಕೊಡುವುದು ಅವರ ಕೆಲಸ. ಒಂದು ದಿನ ನನ್ನ ಅವಸ್ಥೆ ನೋಡಲಾರದೆ, "ಕೊಡಿ ಸರ್ ಇತ್ಲಾಗೆ. ನೀವು ಅರೆಯೋದು ಕಂಡ್ರೆ ನಂಗೆ ಕೈ ತುರಿಸ್ತದೆ. ಇದೆಂತ ಅರೆಯೋದಾ, ಸವರೋದಾ?" ಎಂದು ಒರಳು ಎಳೆದುಕೊಂಡರು. ಅವರು ಅರೆದುಕೊಟ್ಟ ಪೇಸ್ಟಿನ ಐದು ಎಲೆಕ್ಟ್ರೋಡುಗಳ ಐದು ಗೆರೆಗಳು ಪರದೆಯ ಮೇಲೆ ಒಂದೇ ಗೆರೆಯಾಗಿ ಕಂಡವು. ನಾನು ಯಂತ್ರ ಕೆಟ್ಟಿದೆ ಎಂದು ಆರಿಸಿ ಮತ್ತೆ ಹಾಕಿದೆ. ಮತ್ತೂ ಒಂದೇ ಗೆರೆ.

ಅಂದೇ ನನ್ನ ಸಿದ್ಧಾಂತ ಹುಟ್ಟಿದ್ದು. ಇದು ಕೈಗುಣ! ಒಬ್ಬರು ಮುಟ್ಟಿದರೆ ಮಲ್ಲಿಗೆ ಚಿಗುರುತ್ತದೆ, ಇನ್ನೊಬ್ಬರು ನೆಟ್ಟರೆ ಕೆಸುವೂ ಸಾಯುತ್ತದೆ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅಂಗೈಯ ಬಿಸಿ, ಒತ್ತಡದ ಹದ, ತಲೆಮಾರುಗಳಿಂದ ಬಂದ ತಿರುವು ಎಂದು ಸ್ಟಾಫ್ ರೂಮಿನಲ್ಲಿ ಉಪನ್ಯಾಸ ಕೊಟ್ಟೆ. ಕನ್ನಡದ ಮೇಷ್ಟ್ರು ತಲೆದೂಗಿದರು. ಭೌತಶಾಸ್ತ್ರದವರು ಎದ್ದು ಹೋದರು. ಗೌರಮ್ಮನವರಿಗೆ ಹೇಳಿದರೆ, "ಕೈಯಾಗೆ ಎಂತ ಗುಣ ಇರ್ತದೆ ಸರ್, ಗಂಟು ನೋವು ಇರ್ತದೆ" ಎಂದರು. ದೊಡ್ಡವರ ವಿನಯ ಎಂದು ನಾನು ಮೆಚ್ಚಿಕೊಂಡೆ.

ಹೀಗಿರುವಾಗ ನಾನು ಕಳಿಸಿದ್ದ ಲೇಖನಕ್ಕೆ ವಿಜ್ಞಾನ ಪತ್ರಿಕೆಯಿಂದ ಉತ್ತರ ಬಂತು. ಹೊಸದಾಗಿ ಐದು ಎಲೆಕ್ಟ್ರೋಡ್ ಮಾಡಿ, ಐದೂ ಒಂದೇ ಫಲಿತಾಂಶ ಕೊಡುತ್ತವೆ ಎಂದು ತೋರಿಸಬೇಕು, ಒಂದು ತಿಂಗಳ ಗಡುವು. ಆ ಲೇಖನ ಅಚ್ಚಾಗದೆ ಮಹಾಪ್ರಬಂಧ ಸಲ್ಲಿಸುವಂತಿಲ್ಲ, ವಿಶ್ವವಿದ್ಯಾಲಯ ಕೊಟ್ಟ ಕೊನೆಯ ವಿಸ್ತರಣೆಯೂ ಮುಗಿಯುತ್ತಾ ಬಂದಿತ್ತು. ಇದು ತಪ್ಪಿದರೆ ಇಷ್ಟು ವರ್ಷದ ಕೆಲಸ ಕಸದಬುಟ್ಟಿಗೆ. ನಗೆಮಾತು ಬದಿಗಿಡಿ, ಆ ಕಾಗದ ಓದಿ ನಾನು ನಿಜಕ್ಕೂ ಹೆದರಿದೆ. "ಗೌರಮ್ಮಾ!" ಎಂದು ಕೂಗಿದೆ. ಗೌರಮ್ಮ ಇರಲಿಲ್ಲ. ಹಿಂದಿನ ದಿನವಷ್ಟೇ ಮಗಳ ಬಾಣಂತನಕ್ಕೆಂದು ಹೊಸನಗರಕ್ಕೆ ಹೋಗಿದ್ದರು. ಎರಡನೆಯ ಹೆರಿಗೆ, ದೊಡ್ಡ ಮಗು ಶಾಲೆಗೆ ಹೋಗುತ್ತದೆ, ಅದಕ್ಕೇ ಮಗಳನ್ನು ಕರೆಸಿಕೊಳ್ಳುವ ಬದಲು ತಾವೇ ಹೋಗಿದ್ದರು. ಮೂರು ತಿಂಗಳು ರಜೆ.

ಹತ್ತು ದಿನ ನಾನೇ ಅರೆದೆ. ಐದು ಊರಿನ ಗುಡ್ಡಗಳು. ಹನ್ನೊಂದನೆಯ ದಿನ ಒರಳು, ತೂಗಿ ಕಟ್ಟಿದ ಪುಡಿ, ಎಣ್ಣೆಯ ಸೀಸೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೊಸನಗರದ ಬಸ್ಸು ಹತ್ತಿದೆ. ಬಾಣಂತಿಯ ಮನೆಗೆ ಬರಿಗೈಲಿ ಹೋಗಬಾರದೆಂದು ಸವಿತಾ ಮಗುವಿಗೊಂದು ಅಂಗಿ, ಟೊಪ್ಪಿ ಕೊಟ್ಟಿದ್ದಳು. ಎರಡಕ್ಕೂ ದಾರಿಯಲ್ಲಿ ಗ್ರಾಫೈಟ್ ಮೆತ್ತಿತು.

ಗೌರಮ್ಮನ ಅಳಿಯ ರಮೇಶನದು ಬೈಕ್ ರಿಪೇರಿ ಕೆಲಸ, ಅಂಗಡಿ ಮನೆಯ ಮುಂದೆಯೇ. ನಾನು ಹೋದಾಗ ಅರ್ಧ ಬಿಚ್ಚಿದ ಬೈಕೊಂದು ದಿಕ್ಕಿಲ್ಲದೆ ನಿಂತಿತ್ತು. ಗೌರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಅಯ್ಯೋ ಮಾರಾಯ್ರೆ, ಇದಕ್ಕೆ ಇಷ್ಟು ದೂರ ಬಂದ್ರಾ! ಕೂತ್ಕಳಿ, ಮಾಡಿಸ್ಕೊಡ್ತೀನಿ" ಎಂದು ಚೀಲ ಒಳಗೆ ಒಯ್ದರು. ಬಾಣಂತಿಯ ಮನೆಯೊಳಗೆ ನಾನು ಹೋಗುವಂತಿರಲಿಲ್ಲ. ಜಗಲಿಯಲ್ಲಿ ಕಾಫಿ ಹಿಡಿದು ಕೂತೆ. ಒಳಗಿನಿಂದ ಅರೆಯುವ ಸದ್ದು ಶುರುವಾಯಿತು. ಆಹಾ, ಆ ಲಯ! ನಿಧಾನವಿಲ್ಲ, ಅವಸರವಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಇದು ಬೇರೆ ಯಾರಿಗೂ ಬಾರದ ವಿದ್ಯೆ ಎಂದು ಮನಸ್ಸು ತುಂಬಿ ಬಂತು.

ಸದ್ದು ನಿಂತ ಮೇಲೆ ಹೊರಗೆ ಬಂದವರು ರಮೇಶನ ತಾಯಿ. ಕೈಯಲ್ಲಿ ಒರಳು. "ಕಾಡಿಗೆ ಭಾರಿ ನುಣ್ಣಗಿದೆ. ಮಗೀಗೆ ಒಂದು ದೃಷ್ಟಿಬೊಟ್ಟು ಇಡ್ಲಾ?" ಎಂದು ಬೆರಳು ಅದ್ದಿಯೇಬಿಟ್ಟಿದ್ದರು. ನಾನು ಕಾಫಿ ಚೆಲ್ಲಿಕೊಂಡು ಹಾರಿ ತಡೆದೆ. ಇದು ಕಾಡಿಗೆಯಲ್ಲ, ಮೆದುಳಿನ ಖುಷಿ ಅಳೆಯುವ ಪೇಸ್ಟು ಎಂದೆ. ಅವರು ಬೆರಳನ್ನೂ ನನ್ನ ಮುಖವನ್ನೂ ನೋಡಿ, "ಖುಷಿ ಕಣ್ಣಿಗೇ ಕಾಣ್ತದಲ್ಲಪ್ಪ, ಅಳೆಯೋದೆಂತಕ್ಕೆ?" ಎಂದರು. ಹಿಂದೆಯೇ ಬಂದ ರಮೇಶ, "ಕೈ ಕೊಡೋ ಹಾಗಿಲ್ಲ ಸರ್, ಎಲ್ಲ ಮಸಿ" ಎಂದು ನಗುತ್ತಾ ಬೈಕಿನ ಕಡೆ ಹೋದ. ಗ್ಯಾರೇಜಿನವರ ಕೈ, ಪಾಪ, ಎಂದುಕೊಂಡೆ.

ಸಾಗರಕ್ಕೆ ಬಂದು ಐದು ಎಲೆಕ್ಟ್ರೋಡ್ ಮಾಡಿದೆ. ಐದೂ ಗೆರೆ ಒಂದೇ ಗೆರೆ! ಪ್ರಯೋಗಾಲಯದಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು ಎರಡು ಸುತ್ತು ಕುಣಿದೆ. ಲೇಖನ ಒಪ್ಪಿಗೆಯಾಯಿತು, ಪ್ರಬಂಧ ಸಿದ್ಧವಾಯಿತು. ಅದರ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿಗಿಂತ ಮೇಲೆ, 'ಈ ಸಂಶೋಧನೆಯ ಯಶಸ್ಸು ಗೌರಮ್ಮನವರ ಕೈಗುಣಕ್ಕೆ ಸಲ್ಲಬೇಕು' ಎಂದು ಕನ್ನಡದಲ್ಲೇ ಬರೆದು ಬೈಂಡ್ ಮಾಡಿಸಿ ಸಲ್ಲಿಸಿದೆ.

ರಜೆ ಮುಗಿಸಿ ಬಂದ ಗೌರಮ್ಮನವರಿಗೆ ಆ ಪುಟ ಓದಿ ಹೇಳಿದೆ. ಅವರು ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಗಾಬರಿಯಾದರು.

"ಇದೆಂತ ಬರ್ದ್ರಿ ಸರ್? ಅವತ್ತು ನಾನೆಲ್ಲಿ ಅರೆದೆ? ಬಚ್ಚಲಾಗೆ ಮಗೀಗೆ ಮೀಸ್ತಿದ್ದೆ. ಅರೆದಿದ್ದು ನಮ್ಮ ರಮೇಶ."

"ಯಾರು? ಆ ಮೆಕ್ಯಾನಿಕ್ಕಾ?"

"ಹೌದು. ಅವ ಜನ್ಮದಾಗೆ ಒರಳು ಮುಟ್ಟಿದವನಲ್ಲ. ಅರ್ಧ ಗಂಟೆ, ಕೈ ನಿಲ್ಸಬೇಡ ಅಂದೆ. ಗಡಿಯಾರ ನೋಡ್ಕಂಡು ಅರೆದ. ಅಷ್ಟೆಯ."

"ಹಾಗಾದ್ರೆ ನನ್ನ ಕೈಯಲ್ಲಿ ಯಾಕೆ ಬರೋದಿಲ್ಲ?"

ಗೌರಮ್ಮ, "ಬೇಜಾರು ಮಾಡ್ಕಬೇಡಿ. ನೀವು ಐದು ನಿಮಿಷ ಅರೀತೀರಿ, ಇಪ್ಪತ್ತೈದು ನಿಮಿಷ ಮಾತಾಡ್ತೀರಿ" ಎಂದರು.

'ಮೂವತ್ತು ನಿಮಿಷ ಕೈಯಿಂದ ಅರೆಯಲಾಯಿತು' ಎಂದು ಪ್ರಬಂಧದಲ್ಲಿ ನಾಲ್ಕು ಕಡೆ ಬರೆದವನು ನಾನು. ಅದನ್ನು ಪಾಲಿಸಿದವರು ಗೌರಮ್ಮ ಮತ್ತು ಹೊಸನಗರದ ಒಬ್ಬ ಮೆಕ್ಯಾನಿಕ್. ಅದಾಗಿ ಕೆಲವು ತಿಂಗಳಾಯಿತು, ಬರುವ ವಾರ ಮೌಖಿಕ ಪರೀಕ್ಷೆ. ಬರುವ ಪರೀಕ್ಷಕರಿಗೆ ಎಲೆಕ್ಟ್ರೋಡನ್ನು ಕಣ್ಣೆದುರೇ ಮಾಡಿಸಿ ನೋಡುವ ಚಾಳಿಯಿದೆಯಂತೆ. ಆದ್ದರಿಂದ ಇವತ್ತು ಫೋನನ್ನು ಬೀರುವಿನಲ್ಲಿಟ್ಟು, ಪ್ರಯೋಗಾಲಯದ ಬಾಗಿಲು ಹಾಕಿಕೊಂಡು, ಬಾಯಿ ಮುಚ್ಚಿ ಅರೆಯಲು ಕೂತೆ. ಏನೂ ಕಷ್ಟವಿಲ್ಲ, ಕೈಗುಣವೂ ಬೇಡ, ಸುಮ್ಮನೆ ಅರೆದರಾಯಿತು. ಹನ್ನೊಂದನೆಯ ನಿಮಿಷಕ್ಕೆ ಎದ್ದು ಹೋಗಿ ಬಾಗಿಲು ತೆರೆದೆ.

"ಗೌರಮ್ಮಾ, ನಿಮ್ಮ ಅಳಿಯ ಬರುವ ವಾರ ಈ ಕಡೆ ಬರೋದು ಉಂಟಾ?"