ತಾಲೀಮಿಗೆ ಹೋದ ಕಾರಕೂನ

ಸಿಟ್ಟು ಬರುವುದು ತಪ್ಪೆಂದು ನಾನು ಹೇಳುವುದಿಲ್ಲ. ಬರಬೇಕಾದ ಜಾಗದಲ್ಲಿ ಬಾರದೆ, ಸೈಕಲ್ಲಿನ ಹಿಂದೆ ಕೂತು ಮನೆತನಕ ಬಂದು, ಹೊಸ್ತಿಲು ದಾಟಿದ ಕೂಡಲೇ ಇಳಿಯುತ್ತದಲ್ಲ, ಅದು ತಪ್ಪು. ಕಚೇರಿಯಲ್ಲಿ ನನ್ನಂಥ ಸಾಧು ಮನುಷ್ಯ ಇನ್ನೊಬ್ಬನಿರಲಿಲ್ಲ. ಸಾಹೇಬರು ಏನೆಂದರೂ ‘ಹೌದ್ರಿ’ ಎನ್ನುತ್ತಿದ್ದೆ. ಮನೆಯಲ್ಲಿ ಮಾತ್ರ ಛತ್ರಿ ಗೂಟದಲ್ಲಿಲ್ಲ ಎಂದು ಒದರುತ್ತಿದ್ದೆ, ಗೂಟದಲ್ಲಿದ್ದರೆ ಹಸಿ ಛತ್ರಿಯನ್ನು ಅಲ್ಲಿ ಯಾರು ಹಾಕಿದರು ಎಂದು ಒದರುತ್ತಿದ್ದೆ. ಈಗಿನವರು ಇಂಥದ್ದಕ್ಕೆ ಮಾನಸಿಕ ಒತ್ತಡವೆಂದು ಮರ್ಯಾದೆಯ ಹೆಸರು ಕೊಟ್ಟಿದ್ದಾರೆ. ಆಗ ನಮ್ಮ ಸಿಂದಗಿಯಲ್ಲಿ ‘ಅವರ ತಲಿ ಕೆಟ್ಟೈತಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ತಲೆ ಕೆಡಲು ಕಾರಣವೂ ಇತ್ತು. ರಾಜ್ಯಗಳು ಹೊಸದಾಗಿ ಹಂಚಿಕೆಯಾದ ಕಾಲ ಅದು. ಕನ್ನಡ ನಾಡು ಒಂದಾಯಿತೆಂದು ಬಜಾರಿನಲ್ಲಿ ಪೇಢೆ ಹಂಚಿದವರಲ್ಲಿ ನಾನೂ ಒಬ್ಬ. ರಾತ್ರಿ ಮುಂಬಯಿ ರಾಜ್ಯದ ಕಾರಕೂನನಾಗಿ ಮಲಗಿದವನು ಬೆಳಿಗ್ಗೆ ಮೈಸೂರು ರಾಜ್ಯದ ಗುಮಾಸ್ತನಾಗಿ ಎದ್ದೆ. ಸಂಬಳ ಅಷ್ಟೇ, ಕುರ್ಚಿ ಅದೇ, ಕುರ್ಚಿಯ ಮುರಿದ ಕಾಲೂ ಅದೇ. ಆದರೆ ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರು ನಾನು ಬರೆದ ಕಾಗದವನ್ನು ಕೈಯಲ್ಲಿ ಹಿಡಿದು, ಬಹಳ ಮೆತ್ತಗೆ, “ಇದೇನು ಸ್ವಾಮಿ, ಚೌಕಶಿ ಅಂದರೆ? ವಿಚಾರಣೆಯೇ? ದಯವಿಟ್ಟು ಕನ್ನಡದಲ್ಲಿ ಬರೆಯಿರಿ” ಎನ್ನುತ್ತಿದ್ದರು. ಹದಿನೈದು ವರ್ಷ ನಾನು ಕನ್ನಡವೆಂದೇ ತಿಳಿದು ಬರೆದದ್ದು ಕೆಂಪು ಶಾಯಿಯಲ್ಲಿ ತೊಯ್ದು ವಾಪಸು ಬರುತ್ತಿತ್ತು. ಅವರು ಒದರಿದ್ದರೆ ಚೆನ್ನಾಗಿತ್ತು, ನಾನೂ ಒದರುತ್ತಿದ್ದೆ. ‘ದಯವಿಟ್ಟು’ ಎನ್ನುವವರ ಮೇಲೆ ಹೇಗೆ ಒದರುವುದು? ಆ ದಯೆಯನ್ನೆಲ್ಲ ಹೊತ್ತು ತಂದು ಮನೆಯಲ್ಲಿ ಸುರಿಯುತ್ತಿದ್ದೆ.

ನನ್ನ ಹೆಂಡತಿ ಗಂಗವ್ವ ಗಟ್ಟಿ ಹೆಣ್ಣು, ನಾನು ಒದರುವಾಗ ಜೋರಾಗಿ ರೊಟ್ಟಿ ಬಡಿದು ನನ್ನ ದನಿ ಮುಚ್ಚುತ್ತಿದ್ದಳು. ಕಷ್ಟವಾದದ್ದು ಮಗಳು ಸರೂನಿಂದ. ಅವಳಿಗೆ ಆಗ ಏಳು ವರ್ಷ. ಮೊದಲೆಲ್ಲ ಸೈಕಲ್ಲಿನ ಗಂಟೆ ಕೇಳಿದರೆ ಓಡಿ ಬಂದು, ನನ್ನ ಕರೀ ಟೋಪಿ ಕಿತ್ತುಕೊಂಡು, ತನ್ನ ತಲೆಯ ಮೇಲಿಟ್ಟುಕೊಂಡು ಮನೆತುಂಬ ತಿರುಗುತ್ತಿದ್ದಳು. ಈಗ ಅದೇ ಗಂಟೆ ಕೇಳಿದರೆ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗಿಬಿಡುತ್ತಿದ್ದಳು. ಒಂದು ಸಂಜೆ ಟೋಪಿ ಇನ್ನೂ ನನ್ನ ತಲೆಯ ಮೇಲೆಯೇ ಇದೆಯೆಂದು ನನಗೆ ಊಟಕ್ಕೆ ಕೂತಾಗ ಗೊತ್ತಾಯಿತು. ನನ್ನ ಮಗು ನನಗೆ ಹೆದರುತ್ತಿತ್ತು. ಇದಕ್ಕಿಂತ ಕೆಟ್ಟ ಸುದ್ದಿ ಯಾವ ಸಾಹೇಬರೂ ನನಗೆ ಕೊಟ್ಟಿರಲಿಲ್ಲ.

ಡಾಕ್ಟರ ಕಡೆ ಹೋದೆ. ಅವರು ತಲೆ ಮುಟ್ಟಿ, ಕಣ್ಣು ಹಿಗ್ಗಿಸಿ ನೋಡಿ, “ತಲಿಯಾಗ ಏನೂ ಇಲ್ಲರಿ” ಎಂದರು. ಹೊರಗೆ ಕೂತಿದ್ದ ನಾಲ್ಕು ಜನ ನಕ್ಕರು. “ಹರೇದಾಗ ಏನರ ಮೈ ದಣಿಸತಿದ್ರೇನು?” ಎಂದು ಡಾಕ್ಟರು ಕೇಳಿದರು. ಹರೆಯದಲ್ಲಿ ಇಂಡಿ ಊರಿನಲ್ಲಿದ್ದಾಗ ಗರಡಿಗೆ ಹೋಗುತ್ತಿದ್ದೆ ಎಂದೆ. “ಮತ್ತೇನ್ರಿ! ಔಷಧ ಬ್ಯಾಡ. ತಾಲೀಮ ಸುರು ಮಾಡ್ರಿ” ಎಂದು ಬರಿಗೈಯಲ್ಲಿ ಕಳಿಸಿದರು.

ಇಂಡಿಯ ಗರಡಿಯ ನೆನಪಾದರೆ ಇಂದಿಗೂ ನನ್ನ ಎದೆ ಎರಡು ಇಂಚು ಮುಂದೆ ಬರುತ್ತದೆ. ಬಾಗಿ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು, ಹನುಮಪ್ಪನ ಮುಂದಿನ ದೀಪ, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ. ಹದಿನೆಂಟರ ವಯಸ್ಸಿನಲ್ಲಿ ನಾನು ಅಲ್ಲಿ ಕೂತು ಏಳುವ ಬೈಠಕ ಮುನ್ನೂರು ಹೊಡೆಯುತ್ತಿದ್ದೆ. ಇನ್ನೂರು ಎಂದು ಅನ್ನುವವರಿದ್ದಾರೆ, ಅವರು ಎಣಿಸಲು ತಡವಾಗಿ ಬಂದವರು. ಮನೆಗೆ ಬಂದರೆ ಅವ್ವ ಹಿತ್ತಾಳೆ ಚರಿಗೆಯಲ್ಲಿ ಹಾಲು ಹಿಡಿದು ನಿಂತಿರುತ್ತಿದ್ದಳು, ನಾನು ಪೂರಾ ಕುಡಿಯುವತನಕ ಬಾಗಿಲು ಬಿಟ್ಟು ಸರಿಯುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಸಿಟ್ಟು ಬಂದ ನೆನಪೇ ಇಲ್ಲ. ಸಿಟ್ಟಿಗೆ ಬೇಕಾದ ಉಸಿರು ಮಣ್ಣಿನಲ್ಲೇ ಖರ್ಚಾಗುತ್ತಿತ್ತು.

ಆದರೆ ಈಗ ಮೂವತ್ತೆಂಟರ ಕಾರಕೂನ, ಅಲ್ಲ ಗುಮಾಸ್ತ, ಲಂಗೋಟಿ ಕಟ್ಟುತ್ತಾನೆಂದರೆ ಊರು ಏನೆಂದೀತು? ನನ್ನ ಹೊಟ್ಟೆಯನ್ನು ಅಲ್ಲಿಯವರೆಗೆ ಕೋಟು ನೋಡಿಕೊಳ್ಳುತ್ತಿತ್ತು. ನಾಚಿಕೆಯಿಂದ ಹೆಚ್ಚು ವಿವರಿಸದೆ ಗಂಗವ್ವನಿಗೆ, “ನಾಳಿಂದ ಸಂಜೀಕ ತಾಲೀಮಿಗೆ ಹೋಗ್ತೇನಿ” ಎಂದಷ್ಟೇ ಹೇಳಿದೆ. ಅವಳು ನನ್ನನ್ನು ಒಂದು ನಮೂನೆ ನೋಡಿ, “ಈ ವಯಸ್ಸಿನ್ಯಾಗ? ಹೋಗ್ರಿ, ಮನಸ್ಸಿಗೆ ಹಗರ ಆಗ್ತೈತಿ” ಎಂದಳು. ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನಾನು ಆಗಲೇ ಸಂಶಯಪಡಬೇಕಿತ್ತು.

ಸಿಂದಗಿಯ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ ಹುಸೇನಸಾಬ ಅರವತ್ತು ದಾಟಿದ ಮನುಷ್ಯ. ಹನುಮಪ್ಪನ ದೀಪಕ್ಕೆ ಎಣ್ಣೆ ಹಾಕಿ, ನನ್ನ ಕಡೆ ತಿರುಗಿ, ದಂಡ ಹೊಡೆಯಲು ಹೇಳಿದ. ನಾನು ಇಂಡಿಯನ್ನು ನೆನೆದು ನೆಲಕ್ಕೆ ಬಾಗಿದೆ. “ಸಾಹೇಬ್ರ, ಎದಿ ನೆಲಾ ಮುಟ್ಟಬೇಕ್ರಿ. ನಿಮ್ಮ ಹೊಟ್ಟಿ ಮೊದಲ ಹೋಗಿ ಕುಂದರಾಕತ್ತೈತಿ” ಎಂದ. ಏಳನೆಯ ದಂಡಕ್ಕೆ ನನ್ನ ತೋಳು ನನ್ನವಲ್ಲವೆಂದವು. ಹನ್ನೊಂದನೆಯ ಬೈಠಕಕ್ಕೆ ಕೂತವನನ್ನು ಇಬ್ಬರು ಪೈಲವಾನರು ಎತ್ತಿದರು. ಆದರೂ ಮೈಗೆ ಮಣ್ಣು ಹತ್ತಿದಾಗ, ಆ ವಾಸನೆ ಮೂಗಿಗೆ ಬಡಿದಾಗ, ನನಗೆ ಕಣ್ಣೀರು ಬಂತು. ವಸ್ತಾದ ಅದನ್ನು ಬೆವರೆಂದು ತಿಳಿದ.

ಕುಂಟುತ್ತ ಮನೆಗೆ ಬಂದೆ. ಛತ್ರಿ ಗೂಟದಲ್ಲಿರಲಿಲ್ಲ. ಉಳಿದಿದ್ದ ಸ್ವಲ್ಪ ಉಸಿರನ್ನೆಲ್ಲ ಕೂಡಿಸಿ, “ಈ ಮನ್ಯಾಗ ನನ್ನ ಮಾತಿಗೆ ಏನರ ಕಿಮ್ಮತ್ತ ಐತೇನ?” ಎಂದು ಒದರಿದೆ. ಸರೂ ಓಡಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಗದ್ದಕ್ಕೆ ಕೈಕೊಟ್ಟು ಕೂತು ಪೂರಾ ಕೇಳಿದಳು. ಆಮೇಲೆ ಚಪ್ಪಾಳೆ ತಟ್ಟಿದಳು. “ಯವ್ವಾ, ಅಪ್ಪ ರಾಕ್ಷಸನ ಪಾರ್ಟ ಭಾಳ ಛಂದ ಮಾಡ್ತಾನಬೇ! ಕಿವಿಗೆ ಇನ್ನೂ ಬಣ್ಣಾ ಹತ್ತೈತಿ ನೋಡು!”

ಆಗ ನನಗೆ ಬೆಳಕಾಯಿತು. ನಮ್ಮ ಕಡೆ ಗರಡಿಯಲ್ಲಿ ಮೈ ಬಗ್ಗಿಸುವುದೂ ತಾಲೀಮು, ನಾಟಕಕ್ಕೆ ಮಾತು ಕಲಿಯುವುದೂ ತಾಲೀಮು. ಗರಡಿಯ ಓಣಿಯಲ್ಲೇ ಒಂದು ಹಳೇ ಜೋಳದ ಅಡತಿ ಅಂಗಡಿಯಲ್ಲಿ ಊರಿನ ಹೌಸಿನವರು, ಅಂದರೆ ಹವ್ಯಾಸಿಗಳು, ನಾಟಕ ಕಲಿಯುತ್ತಿದ್ದರು. ನಾನು ಅಲ್ಲಿಗೇ ಹೋಗುತ್ತೇನೆಂದು ತಾಯಿ ಮಗಳು ನಂಬಿದ್ದರು. ಕಿವಿಯ ಹಿಂದಿನ ಕೆಮ್ಮಣ್ಣು ಬಣ್ಣವಾಗಿತ್ತು, ಕುಂಟುವುದು ಯುದ್ಧದ ಸೀನು. ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸರೂ ನನ್ನ ಟೋಪಿ ಕಿತ್ತುಕೊಂಡು ತನ್ನ ತಲೆಯ ಮೇಲಿಟ್ಟುಕೊಂಡಳು. ನಾನು ಬಾಯಿ ಮುಚ್ಚಿದೆ.

ಮುಂದಿನ ಮೂರು ವಾರ ನನ್ನ ಬಾಳಿನ ಒಳ್ಳೆಯ ದಿನಗಳು. ಸಂಜೆ ಗರಡಿ, ಆಮೇಲೆ ಮನೆಯಲ್ಲಿ ಟೋಪಿ. ನಿದ್ದೆ ಚೆನ್ನಾಗಿ ಹತ್ತತೊಡಗಿತು. ಕೆಂಪು ಶಾಯಿ ಕೂಡ ಬರೀ ಶಾಯಿಯಂತೆ ಕಾಣುತ್ತಿತ್ತು. ಒದರಿದರೂ ಅರ್ಧಕ್ಕೆ ನಗು ಬರುತ್ತಿತ್ತು, ಯಾಕೆಂದರೆ ಹೊಸ್ತಿಲ ಮೇಲಿಂದ, “ಅಪ್ಪಾ, ಮೀಸಿ ತಿರುವೋದು ಮರತಿ” ಎಂದು ದನಿ ಬರುತ್ತಿತ್ತು. ಗಂಗವ್ವ ಪಕ್ಕದ ಮನೆಯವರಿಗೆ ನಾಟಕದ ದಿನ ಮುಂದಿನ ಚಾಪೆಯಲ್ಲಿ ಜಾಗ ಕೊಡಿಸುವ ಮಾತು ಕೊಟ್ಟಿದ್ದಾಳೆಂದು ತಿಳಿದಾಗ ಮಾತ್ರ ಸ್ವಲ್ಪ ಬೆವರು ಬಂತು.

ಆಮೇಲೆ ಮೊಣಕಾಲು ಬಾತು ಐದು ದಿನ ಗರಡಿಗೆ ಹೋಗಲಿಲ್ಲ. ಐತವಾರ ಮಧ್ಯಾಹ್ನ ಹುಸೇನಸಾಬ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು, ಕೆಂಪು ಬಟ್ಟೆಯೊಂದನ್ನು ಮಡಿಸಿ ಗಂಗವ್ವನ ಮುಂದೆ ಹಿಡಿದು, “ಅಕ್ಕಾರ, ಇದು ಸಾಹೇಬರ ಲಂಗೋಟಿ ನೋಡ್ರಿ. ಗರಡ್ಯಾಗ ಐದ ದಿನದಿಂದ ಜೋತಾಡಾಕತ್ತೈತಿ. ಅರಾಮ ಅದಾರಿಲ್ರೀ?” ಎಂದ. ಗಂಗವ್ವ ಲಂಗೋಟಿ ನೋಡಿದಳು, ನನ್ನನ್ನು ನೋಡಿದಳು. “ಇದನ್ನ ಹಾಕ್ಕೊಳ್ಳೋದು ಯಾವ ನಾಟಕರೀ?” ಎಂದು ಕೇಳಿದಳು. ವಸ್ತಾದನಿಗೆ ಅರ್ಥವಾಗಲಿಲ್ಲ. ಚಹಾ ಕುಡಿದು, ಮೊಣಕಾಲಿಗೆ ಕುಸುಬಿ ಎಣ್ಣೆ ಹಚ್ಚಲು ಹೇಳಿ ಹೋದ. ಗಂಗವ್ವ ಸೆರಗು ಬಾಯಿಗೆ ಹಚ್ಚಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

ಸರೂ ನಗಲಿಲ್ಲ. ಅವಳ ತಲೆಯ ಮೇಲೆ ನನ್ನ ಟೋಪಿ ಇತ್ತು. ಅದನ್ನು ತೆಗೆದಳು, ಕಾಲ್ಬೆರಳ ಮೇಲೆ ನಿಂತು ಗೂಟಕ್ಕೆ ಹಾಕಿದಳು. “ಹಂಗಾರ ನೀ ಒದರಿದ್ದು ಪಾರ್ಟ ಅಲ್ಲೇನಪ್ಪಾ? ಖರೇನ ಒದರಿದ್ದೇನು?” ಎಂದಳು.

ಸುಳ್ಳು ಹೇಳಬಹುದಿತ್ತು. ಆದರೆ ಅವಳ ಮುಖ ನೋಡಿ ಆಗಲಿಲ್ಲ. “ಹೌದವ್ವಾ, ಖರೇನ ಒದರಿದ್ದೆ. ತಪ್ಪಾತು” ಎಂದೆ. ಗರಡಿಯಲ್ಲಿ ಬೈಠಕ ಎನ್ನುವುದನ್ನೇ ಶಾಲೆಯಲ್ಲಿ ಬಸ್ಕಿ ಎನ್ನುತ್ತಾರೆ. ಅಲ್ಲಿ ಅದು ಪೌರುಷ, ಇಲ್ಲಿ ಶಿಕ್ಷೆ. ಅವಳಿಗೆ ತಿಳಿದ ಕಾಯಿದೆ ಶಾಲೆಯದೊಂದೇ. “ತಪ್ಪ ಮಾಡಿದವರು ಹತ್ತ ಬಸ್ಕಿ ಹೊಡೀಬೇಕು. ಕಿವಿ ಹಿಡಕೊಂಡು. ಇನ್ನ ಮ್ಯಾಲ ಒದರಬೇಕಂದ್ರ ಮೊದಲ ಹೊಡದು ಆಮ್ಯಾಲ ಒದರು” ಎಂದು ತೀರ್ಪು ಕೊಟ್ಟಳು. ಬಾತ ಮೊಣಕಾಲಿನಲ್ಲೇ ಹೊಡೆದೆ. ಅವಳೇ ಎಣಿಸಿದಳು. ಹತ್ತು ಮುಗಿದಮೇಲೆ ಗೂಟದಿಂದ ಟೋಪಿ ತೆಗೆದು ಮತ್ತೆ ಹಾಕಿಕೊಂಡಳು.

ಅಂದಿನಿಂದ ಅದೇ ನಮ್ಮ ಮನೆಯ ಕಾನೂನು. ಎಂಟನೆಯ ಬಸ್ಕಿಗೆ ಯಾಕೆ ಸಿಟ್ಟು ಬಂದಿತ್ತೆಂಬುದು ಮರೆತುಹೋಗುತ್ತಿತ್ತು, ಹತ್ತನೆಯದಕ್ಕೆ ಒದರಲು ಉಸಿರು ಇರುತ್ತಿರಲಿಲ್ಲ. ಸಾಹೇಬರಿಗೆ ವರ್ಗವಾದಾಗ ನಾನೇ ಹಾರ ತಂದೆ. ಅವರು ಭಾಷಣದಲ್ಲಿ ‘ಚೌಕಶಿ’ ಎಂದುಬಿಟ್ಟರು, ತಾವೇ ನಕ್ಕರು. ಹುಸೇನಸಾಬ ಈಗಿಲ್ಲ. ಆ ಗರಡಿಯ ಮಣ್ಣನ್ನು ಹದ ಮಾಡುವವರೂ ಇಲ್ಲ. ಸರೂ ಬಸವನ ಬಾಗೇವಾಡಿಯ ಶಾಲೆಯಲ್ಲಿ ಕಲಿಸುವ ಅಕ್ಕೋರು ಆಗಿದ್ದಾಳೆ, ಮಕ್ಕಳಿಗೆ ಬಸ್ಕಿ ಹೊಡೆಸುತ್ತಾಳೋ ಇಲ್ಲವೋ ನಾನು ಕೇಳಿಲ್ಲ.

ಮೊನ್ನೆ ರಜೆಗೆ ಬಂದಿದ್ದಳು. ನನ್ನ ಛತ್ರಿ ಗೂಟದಲ್ಲಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಕಾನೂನು ಕಾನೂನೇ ಎಂದು ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಕಿವಿ ಹಿಡಿದು ಹೇಗೋ ಎರಡು ಬಸ್ಕಿ ಹೊಡೆದೆ. ಯಾರೂ ನೋಡಲಿಲ್ಲವೆಂದುಕೊಂಡು ಒದರಲು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು:

“ಅಪ್ಪಾ, ಇನ್ನೂ ಎಂಟ ಅದಾವ.”