ಅಲ್ಲಾಡದ ದೋಣಿ

ಎರೆಹೊಲದ ನಾವು ನೀರಿನ ತಂಟೆಗೆ ಹೋದಾಗಲೆಲ್ಲ ಒಂದಿಲ್ಲೊಂದು ಫಜೀತಿ ಕಾದೇ ಇರುತ್ತದೆ. ಐವತ್ತರ ದಶಕದ ಕೊನೆಗೆ ನಾನು ಸಿಂದಗಿಯಲ್ಲಿ ದನದ ಡಾಕ್ಟರು. ರಜೆ ಸಿಕ್ಕಾಗ ಹೆಂಡತಿಯನ್ನು ಕೂರಿಸಿಕೊಂಡು ಭೀಮೆಯಲ್ಲೋ ಕೆರೆಯಲ್ಲೋ ಸುಮ್ಮನೆ ತೇಲಬೇಕೆಂಬ ಹುಚ್ಚು. ಮಳೆಗಾಲ ಕಳೆದರೆ ನಮ್ಮ ಕಡೆ ನೀರು ಮೊಣಕಾಲುದ್ದ. ಅದರಲ್ಲೂ ತೇಲುವ ಸಣ್ಣ ದೋಣಿ ಬೇಕು. ಹೆಂಡತಿಯದು ಒಂದೇ ಕರಾರು: "ಬರ್ತೇನ್ರಿ. ಆದ್ರ ದೋಣಿ ಅಲ್ಲಾಡಬಾರದು. ಒಮ್ಮೆ ಅಲ್ಲಾಡಿತಂದ್ರ ಜಲ್ಮದಾಗ ಮತ್ತ ಹತ್ತೂದಿಲ್ಲ."

ಅವಳಿಲ್ಲದೆ ತೇಲಿ ನಾನೇನು ಮಾಡಲಿ?

ಎತ್ತಿನ ಪರೀಕ್ಷೆ

ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯಲ್ಲಿ ಒಂದು ದೋಣಿ ಮಾರಾಟಕ್ಕಿತ್ತು. ನೋಡಲು ಮೋರಟಗಿಯ ಚಾಚಾರನ್ನು ಕರೆದೊಯ್ದೆ. ಅವರು ದನದ ದಲಾಲಿ. ಸಂತೆಯಲ್ಲಿ ಅವರು ಹೂಂ ಎನ್ನದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಚಾಚಾ ದೋಣಿಯ ಸುತ್ತ ತಿರುಗಿದರು, ಪಕ್ಕೆ ತಟ್ಟಿದರು, ಹಲಗೆಯಲ್ಲೊಂದು ಗಂಟು ಕಂಡು, ಎತ್ತಿನ ಮೈಮೇಲೆ ಅಪಶಕುನದ ಸುಳಿ ಕಂಡವರಂತೆ ಮುಖ ಸಿಂಡರಿಸಿದರು.

"ಬ್ಯಾಡ್ರಿ ಸಾಹೇಬ್ರ. ಸುಳಿ ಖರಾಬ್ ಐತಿ. ಮಾಲಕಗ ಆಗಿಬರೂದಿಲ್ಲ."

"ಚಾಚಾ, ಇದು ಎತ್ತಲ್ಲ."

"ಎತ್ತಾಗಿದ್ರ ಚಿಂತಿ ಇರಲಿಲ್ರಿ. ನಡು ಹೊಳ್ಯಾಗ ಅದಕ್ಕ ಈಜಾಕರ ಬರ್ತಿತ್ತು."

ಬೆಲ್ಲದ ಕೊಪ್ಪರಿಗೆ

ಝಳಕಿಯ ಕಡೆಯ ರೈತನೊಬ್ಬ, "ದೋಣಿ ಯಾಕ್ರಿ? ನಾವು ಹೊಳಿ ದಾಟೂದು ಇದರಾಗ" ಎಂದು ಬೆಲ್ಲ ಕಾಸುವ ಕೊಪ್ಪರಿಗೆಯನ್ನೇ ಭೀಮೆಗಿಳಿಸಿ ನನ್ನನ್ನು ಕೂರಿಸಿದ. ಅದು ಗೇಣು ನೀರಲ್ಲೂ ತೇಲಿತು, ನಿಜ. ಆದರೆ ಬುಗುರಿಯ ಹಾಗೆ ಗಿರಗಿರ ತಿರುಗತೊಡಗಿತು. ನಾನು ಅಂಚು ಹಿಡಿದು, "ನಮ್ಮ ದಂಡಿ ಎಲ್ಲೈತೋ?" ಎಂದು ಕೂಗಿದೆ.

"ತಡೀರಿ ಸಾಹೇಬ್ರ," ಎಂದ ಆತ, "ಈಗ ಬರ್ತೈತಿ."

ಗಾಲಿಯಿಲ್ಲದ ಬಂಡಿ

ಕೊನೆಗೆ ಬಾಗೇವಾಡಿಯ ಬಡಿಗನೊಬ್ಬನಿಗೆ ಹೇಳಿದೆ. ಬಂಡಿ ಬಿಟ್ಟು ಬೇರೆ ಮಾಡಿದವನಲ್ಲ. ಸಪಾಟು ತಳ, ಅಗಲ ಮೈ, ಅಚ್ಚುಕಟ್ಟಾಗಿ ಮಾಡಿ ಮುಗಿಸಿ, ಒಂದು ಮಾತು ಕೇಳಿದ: "ಎಲ್ಲಾ ಆತ್ರಿ. ನೊಗ ಎಲ್ಲಿ ಕೂಡಿಸ್ಲಿ?"

ಜಲಯಾನ

ಕಾಯಿ ಒಡೆದು ದೋಣಿಯನ್ನು ಊರ ಕೆರೆಗಿಳಿಸಿದೆವು. ಖಾಲಿ ದೋಣಿ ಚೆಂದಾಗಿ ತೇಲಿತು. ಹೆಂಡತಿ ನೀರಿನ ಕಡೆ ಮುಖಮಾಡಿ, ಕಣ್ಣು ಮುಚ್ಚಿ ಕೂತಳು. ಹಿಂದೆ ದಪ್ಪನೆಯ ಚಾಚಾ, ಅವರಿಗಿಂತ ದಪ್ಪನೆಯ ಚಾಚಿ, ರೊಟ್ಟಿ ಎಣ್ಣೆಗಾಯಿಯ ಬುತ್ತಿ, ಮೊಸರಿನ ಗಡಿಗೆ. ನಾನು ಗಳ ಊರಿ ನೂಕಿದೆ. ಅಲುಗಲಿಲ್ಲ. ಇಷ್ಟು ಭಾರಕ್ಕೆ ತಳ ಕೆಸರಿನಲ್ಲಿ ಕೂತುಬಿಟ್ಟಿತ್ತು.

ಇಳಿಯಿರೆಂದು ಹೇಳಬೇಕು, ಅಷ್ಟರಲ್ಲಿ ಹೆಂಡತಿ ಕಣ್ಣು ತೆರೆದಳು. ಗಾಳಿಗೆ ಸಣ್ಣ ಅಲೆಗಳು ದೋಣಿಯ ಪಕ್ಕದಲ್ಲೇ ಸರಸರ ಹಿಂದಕ್ಕೆ ಓಡುತ್ತಿದ್ದವು.

"ಅಯ್ಯ, ಹೊಂಟೇ ಬಿಟ್ಟೇವಲ್ರೀ! ಒಂಚೂರೂ ಅಲ್ಲಾಡವಲ್ತು!"

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಇಳಿಯಿರೆನ್ನುವುದನ್ನು ಬಿಟ್ಟು ಮತ್ತೆ ಗಳ ಊರಿದೆ. ಚಾಚಾ ನನ್ನನ್ನು ನೋಡಿ, ಮೀಸೆಯಲ್ಲೇ ನಕ್ಕು, "ಸುಳಿ ನೋಡಿ ಮಾಡಿಸೇವಿ, ತಂಗಿ" ಎಂದರು.

ನಾನು ಬೆವರು ಸುರಿಸಿಕೊಂಡು ಗಳ ಊರುತ್ತಲೇ ಇದ್ದೆ. ಎಮ್ಮೆಯೊಂದು ನಮ್ಮನ್ನು ದಾಟಿ ನಡೆದುಹೋಯಿತು. "ಭಾಳ ಅವಸರ ಐತಿ ಅದಕ್ಕ" ಎಂದು ಹೆಂಡತಿ ನಕ್ಕಳು. ಬುತ್ತಿ ಬಿಚ್ಚಿ ಎಲ್ಲರೂ ಹೊಟ್ಟೆತುಂಬ ಉಂಡೆವು. ಅಂಥ ಸುಖದ ಊಟ ನಾನು ಮತ್ತೆಂದೂ ಉಂಡಿಲ್ಲ.

ಕೈ ತೊಳೆದುಕೊಂಡು ಹೆಂಡತಿ ಹೇಳಿದಳು: "ಇನ್ನ ಸಾಕ್ರಿ, ದೋಣಿ ತಿರುವ್ರಿ. ಭಾಳ ದೂರ ಬಂದೇವಿ, ಹೊತ್ತು ಮುಳುಗೂದ್ರಾಗ ಮನಿ ಮುಟ್ಟಬೇಕು."