ಸ್ಪ್ರಿಂಗುಗಳಿದ್ದ ಆ ಕಂದು ಸೀಟು

ಸೈಕಲ್ ಸೀಟಿನ ಮೇಲೆ ಕೂರುವುದಕ್ಕೆ ವಿಶೇಷ ಯೋಗ್ಯತೆಯೇನೂ ಬೇಕಿಲ್ಲ ಎಂದು ನಾನು ನಂಬಿದ್ದೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಕುಕ್ಕರ್ ಕೂಗಿದರೂ, ಅದು ನಮ್ಮ ಮನೆಯದೇ ಎನ್ನಲು ಆಧಾರವೇನು ಎಂದು ಕೇಳುವ ಜಾತಿ. ಅನುಮಾನಪಡದೆ ನಂಬಿದ್ದು ಇದೊಂದನ್ನೇ!

ಸಕ್ಕರೆ ಏರಿದೆ ಎಂದು ಡಾಕ್ಟರು ಹೇಳಿದ್ದರು. ಯುಗಾದಿ ಊಟಕ್ಕೆ ಕೂತಾಗ ಹೆಂಡತಿಯ ಕಡೆಯ ನೆಂಟರೆಲ್ಲ ಕೇಳುವಂತೆ ಘೋಷಿಸಿದೆ: "ನಾಳೆಯಿಂದ ದಿನಾ ಬೆಳಿಗ್ಗೆ ಸೈಕಲ್ಲಲ್ಲಿ ಲಾಲ್‌ಬಾಗಿಗೆ ಹೋಗ್ತೀನಿ!"

"ಅದರ ಮೇಲೆ ಟವೆಲ್ ಒಣಗತ್ತೆ, ಅಷ್ಟೇ," ಎಂದಳು ನನ್ನ ಹೆಂಡತಿ ಸುಮಿತ್ರ.

"ಬಿಟ್ಬಿಟ್ರೆ ನಂಗೆ ಕೊಟ್ಬಿಡಿ ಭಾವಾ," ಎಂದ ಅವಳ ತಮ್ಮ.

"ಒಂದು ದಿನ ತಪ್ಪಿಸಿದ್ರೂ ನಿಂದೇ, ತಗೊಂಡ್ಹೋಗು!" ಎಂದೆ. ಒಬ್ಬಟ್ಟು ತಿಂದ ಮೇಲೆ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ.

ತರಕಾರಿ ತರಲೂ ಆಗಲಿ ಎಂದು ಹಿಂದೆ ಕ್ಯಾರಿಯರ್ ಇರುವ ಸೈಕಲ್ಲನ್ನೇ ಕೊಂಡೆ. ಮೊದಲ ದಿನ ಗಾಂಧಿ ಬಜಾರ್ ದಾಟುವಷ್ಟರಲ್ಲಿ ಸೀಟು ತನ್ನ ಸ್ವಭಾವ ತೋರಿಸಿತು. ಮನೆಗೆ ಬಂದು ಉಪ್ಪಿಟ್ಟನ್ನು ನಿಂತೇ ತಿಂದೆ.

"ಯಾಕ್ರೀ, ಬಫೆ ಊಟಾನಾ?"

"ಸೀಟ್ ಸರಿಯಿಲ್ಲ ಕಣೇ. ಕಾಲೇಜಲ್ಲಿದ್ದಾಗ ನನ್ನ ಸೈಕಲ್ ಸೀಟಿತ್ತು ನೋಡು…"

ಅದು ಸೀಟು! ಚಾಮರಾಜಪೇಟೆಯಿಂದ ಕಾಲೇಜಿನವರೆಗೆ ದಿನವೂ ಹೋದರೂ ಒಂದು ದಿನ ನೋವೆಂದಿಲ್ಲ. ಕಂದು ಬಣ್ಣದ ಚರ್ಮ, ಕೆಳಗೆ ದಪ್ಪ ಸ್ಪ್ರಿಂಗುಗಳು. ಗುಂಡಿ ಬಂದಾಗ ಅವು ಮೆಲ್ಲಗೆ ಕುಗ್ಗಿ ಮೇಲೇಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಂಥ ಸುಖವೆಂದರೆ, ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ನೋಟ್ಸು ಓದಿದ್ದೂ ಉಂಟು!

ಅಂಥದ್ದನ್ನೇ ಹುಡುಕುತ್ತ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು "ಹಲ್ವಾ ಥರ ಇದೆ ಸಾರ್" ಎಂದು ಮೆತ್ತನೆಯ ಕವರ್ ಹಾಕಿಕೊಟ್ಟ. ನಾನು ಕೂತದ್ದೇ ಹಲ್ವಾ ಅಕ್ಕಪಕ್ಕಕ್ಕೆ ಸರಿದು, ನಡುವೆ ಹಳೇ ಸೀಟು ಎದ್ದು ನಿಂತಿತು. ಮುಂದಿನ ಸಲ ಅಗಲವಾದ ಸೀಟು ಹಾಕಿಸಿದೆ. ಕಪ್ಪೆಯ ಹಾಗೆ ಮಂಡಿ ಹೊರಗಿಟ್ಟು ತುಳಿಯಬೇಕಾಯಿತು. ಆಮೇಲಿನದಕ್ಕೆ ನಡುವೆ ಉದ್ದಕ್ಕೂ ಸೀಳು.

"ಈ ಕಿಂಡಿ ಯಾಕಪ್ಪಾ?"

"ಗಾಳಿಯಾಡಕ್ಕೆ ಸಾರ್."

ಗಾಳಿ ಚೆನ್ನಾಗಿ ಆಡಿತು. ಕೂರಲು ಮಾತ್ರ ಆಗಲಿಲ್ಲ. ಕೊನೆಗೆ ಅವನೇ ಬೇಸತ್ತು, "ಸೀಟ್ ಬಿಡಿ ಸಾರ್, ಚಡ್ಡಿ ಚೇಂಜ್ ಮಾಡಿ" ಎಂದು ಹಿಂಬದಿಗೆ ಸ್ಪಂಜು ಹೊಲಿದ ಚಡ್ಡಿಯೊಂದನ್ನು ಕೈಗಿಟ್ಟ.

ಆ ಚಡ್ಡಿ ಹಾಕಿಕೊಂಡು, ಕಾಲು ಅಗಲಿಸಿ, ಸೈಕಲ್ ತಳ್ಳುತ್ತ ಬರುತ್ತಿದ್ದೆ. ಪಕ್ಕದ ಮನೆಯ ಪದ್ಮಮ್ಮ ರಂಗೋಲಿ ಬಿಟ್ಟು ಎದ್ದು ನಿಂತರು.

"ಯಾಕಪ್ಪಾ, ಮೂಲವ್ಯಾಧೀನಾ?"

"ಅಯ್ಯೋ ಅಲ್ಲ ಪದ್ಮಮ್ಮ, ಸೀಟು…"

"ನಾಚ್ಕೆ ಯಾಕೆ? ನಮ್ಮನೆಯವರಿಗೂ ಇತ್ತು. ಮೂಲಂಗಿ ತಿನ್ನು."

ಸಂಜೆಯೊಳಗೆ ನಮ್ಮ ಮನೆಗೆ ಮೂಲಂಗಿ ಬಂತು. ಮರುದಿನದಿಂದ ಬೀದಿಯ ಹಿರಿಯರು ನನ್ನ ಮುಖ ನೋಡದೆ, ಲೈಟು ಕಂಬ ನೋಡುತ್ತ, "ಈಗ ಹೇಗಿದೆ?" ಎಂದು ವಿಚಾರಿಸತೊಡಗಿದರು! ನಾನು ತಲೆ ತಗ್ಗಿಸಿ ಲಾಲ್‌ಬಾಗಿಗೆ ಸೈಕಲ್ ತಳ್ಳಿಕೊಂಡೇ ಹೋಗಿ ಬಂದೆ. ಅದು ಲೆಕ್ಕಕ್ಕಿಲ್ಲ ಎಂದಳು ಸುಮಿತ್ರ. ಅವಳ ತಮ್ಮನ ಫೋನೂ ಬಂತು: "ಭಾವಾ, ಭಾನುವಾರ ಟೆಂಪೋ ತರ್ಲಾ?"

ಉಳಿದದ್ದು ಒಂದೇ ದಾರಿ. ಕಾಲೇಜಿನ ಗೆಳೆಯ, ಮಾವಳ್ಳಿಯ ರಾಘುವನ್ನು ಶನಿವಾರ ಕಾಫಿಗೆ ಕರೆದೆ.

"ಲೋ ರಾಘು, ನನ್ನ ಸೈಕಲ್ಲಿಗೆ ಕಂದು ಸೀಟಿತ್ತಲ್ಲ, ಎಲ್ಲಿ ತಗೊಂಡಿದ್ದೋ ಅದು?"

"ನಿಂಗೆಲ್ಲಿತ್ತೋ ಸೈಕಲ್ಲು? ಅದು ನಂದು. ನೀನು ಹಿಂದೆ ಕ್ಯಾರಿಯರ್ ಮೇಲೆ ಕೂರ್ತಿದ್ದೆ."

"ಸುಮ್ನಿರೋ! ಸ್ಪ್ರಿಂಗ್ ಸಮೇತ ಜ್ಞಾಪಕ ಇದೆ ನಂಗೆ."

ಸುಮಿತ್ರ ಕಾಫಿ ಲೋಟ ಇಡುತ್ತ ಕೇಳಿದಳು: "ಸೀಟ್ ಮೇಲೆ ಕೂತೋರಿಗೆ ಅದರ ಕೆಳಗಿನ ಸ್ಪ್ರಿಂಗ್ ಹೇಗ್ರೀ ಕಾಣ್ಸತ್ತೆ?"

ನಾನು ಲೋಟ ಎತ್ತಿ ಕಾಫಿ ಊದತೊಡಗಿದೆ.

"ಕಳ್ಳೇಕಾಯಿ ಬೇರೆ ಸುಲೀತಿದ್ರಂತೆ. ಹ್ಯಾಂಡಲ್ ಯಾರು ಹಿಡ್ಕೊಂಡಿದ್ರು?"

"ನಾನು!" ಎಂದ ರಾಘು. "ಸಿಪ್ಪೆಯೆಲ್ಲ ನನ್ನ ಕಾಲರ್ ಒಳಗೆ, ಅತ್ತಿಗೆ. ನಮ್ಮಮ್ಮ ದಿನಾ ಬೈಯೋರು."

ಜಗತ್ತನ್ನೆಲ್ಲ ಅನುಮಾನಿಸಿದ ನಾನು, ನನ್ನ ಆಸನದ ಇತಿಹಾಸವನ್ನು ಮಾತ್ರ ಪರಿಶೀಲಿಸಿರಲಿಲ್ಲ! ಇಷ್ಟು ದಿನ ಹುಡುಕಿದ್ದು ಇನ್ನೊಬ್ಬ ಕೂತಿದ್ದ ಸೀಟನ್ನು. ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ತುಳಿಯಲು ಕಲಿತದ್ದಂತೂ ನಿಜ. ನಿಜ ಇರಬೇಕು. ಅದನ್ನೂ ಯಾರನ್ನಾದರೂ ಕೇಳಬೇಕು.

ಭಾನುವಾರ ಬೆಳಿಗ್ಗೆ ಸುಮಿತ್ರ ವೇಲನ್ನು ಸೊಂಟಕ್ಕೆ ಬಿಗಿದು ಸೈಕಲ್ ಹೊರಗೆ ತೆಗೆದಳು.

"ಕೂತ್ಕೊಳ್ಳಿ ಹಿಂದೆ. ಮಲ್ಲೇಶ್ವರದಲ್ಲಿ ಸ್ಕೂಲಿಗೆ ನಾನು ದಿನಾ ತುಳ್ಕೊಂಡೇ ಹೋಗ್ತಿದ್ದಿದ್ದು."

"ಜನ ನೋಡ್ತಾರೆ ಕಣೇ!"

"ಕೂರ್ತೀರೋ, ನನ್ನ ತಮ್ಮನ್ನ ಟೆಂಪೋ ತಗೊಂಡ್ಬಾ ಅನ್ಲೋ?"

ಕೂತೆ.

ಗೇಟಿನಲ್ಲೇ ಪದ್ಮಮ್ಮ! "ಅಯ್ಯೋ ಪಾಪ, ಮುಂದೆ ಕೂರಕ್ಕೇ ಆಗ್ತಿಲ್ವಾ ಇನ್ನೂ?"

"ಮೂಲಂಗಿ ತಿಂತಿದಾರೆ, ವಾಸಿಯಾಗತ್ತೆ ಪದ್ಮಮ್ಮ!" ಎಂದು ಸುಮಿತ್ರ ಬೆಲ್ ಬಾರಿಸಿದಳು.

ಅಲ್ಲ ಎನ್ನಬಹುದಿತ್ತು. ಆದರೆ ನಿಜ ಹೇಳುವುದಕ್ಕಿಂತ ಮೂಲವ್ಯಾಧಿಯೇ ಹೆಚ್ಚು ಮರ್ಯಾದೆಯದು ಎನ್ನಿಸಿತು. ನಾಚಿಕೆಪಡಬೇಕಾದ ಇನ್ನೊಂದು ವಿಷಯವೆಂದರೆ, ಎಲ್ಲೂ ನೋಯುತ್ತಿರಲಿಲ್ಲ. ಜೇಬಿನಲ್ಲಿ ಕಡಲೆಕಾಯಿಯೂ ಇತ್ತು. ಸಿಪ್ಪೆಯನ್ನು ಮಾತ್ರ ಈ ಸಲ ಜೇಬಿಗೇ ಹಾಕಿಕೊಂಡೆ.